ಮೂತಿಗೆ ಭಾರ ಬೇಡುವ ಹುಕ್ಕಿನವರಿಗೆ

ಶ್ರೀಯುತ ಉಕ್ಕಿನ ಗುಂಡು ಹುಕ್ಕಿನವರ ಸನ್ನಿಧಾನಕ್ಕೆ,
ನಮ್ಮ ಬಿಳಿ ಕಾರಿನ ಹಿಂಬದಿ, ನಂಬರ್ ಪ್ಲೇಟಿನ ಕೆಳಗೆ,
ಜಂಗಮಕೋಟೆ, ಶಿಡ್ಲಘಟ್ಟ ತಾಲ್ಲೂಕು.

ಮಾನ್ಯರೇ,

ತಮಗೆ ಪಾದಗಳಿಲ್ಲವಾದ್ದರಿಂದ ತಮ್ಮನ್ನು ಕಾರಿಗೆ ಬಿಗಿದಿರುವ ಬೋಲ್ಟುಗಳಿಗೇ ಭಯಭಕ್ತಿಯಿಂದ ನಮಸ್ಕರಿಸಿ, ಈ ಮನೆಯ ಮಗಳೂ ಈ ಕಾರಿನ ಚಾಲಕಿಯೂ ಆದ ನಾನು ಮಾಡಿಕೊಳ್ಳುವ ಬಿನ್ನಹವೇನೆಂದರೆ, ಇಲ್ಲಿ ನಾವೆಲ್ಲರೂ ಕ್ಷೇಮ. ತಾವು ಎಂದಿಗೂ ಕ್ಷೇಮವೆಂಬುದನ್ನು ನಮ್ಮ ಮೊಣಕಾಲಿನ ಕೆಳಗಿನ ಮೂಳೆಗಳೇ ಹೇಳುತ್ತವೆ. ತಾವು ಮನೆಗೆ ಬಂದ ಮೇಲೆ ಕಾರಿನ ಹಿಂದೆ ಹಾದುಹೋದವರಲ್ಲಿ ತಮಗೆ ಕಾಲು ತಗುಲಿಸಿಕೊಂಡು ಕುಂಟದೆ ಉಳಿದವು ನಮ್ಮ ಕೋಳಿಗಳು ಮಾತ್ರ. ಎದುರಿಗೆ ನಿಂತು ದೂರು ಹೇಳುವ ಧೈರ್ಯ ನನಗೆ ಮೊದಲಿನಿಂದಲೂ ಇಲ್ಲ. ಅಂಗಡಿಯಲ್ಲಿ ಕೊಳೆತ ಟೊಮೆಟೊ ಕೊಟ್ಟರೂ ಥ್ಯಾಂಕ್ಸ್ ಹೇಳಿ ಬರುವವಳು ನಾನು. ತಮ್ಮ ಮುಖವಾದರೂ ಎದುರಿಗೆಲ್ಲಿದೆ? ಕಾರು ಎತ್ತ ಹೋದರೂ ತಾವು ಬಿಟ್ಟುಬಂದ ದಾರಿಯನ್ನೇ ನೋಡುತ್ತಾ ಸಾಗುವವರು. ಆದ್ದರಿಂದ ಈ ಬಹಿರಂಗ ಪತ್ರ.

ತಮ್ಮನ್ನು ಕರೆಸಿಕೊಂಡದ್ದು ನನ್ನ ಅಮ್ಮ ಅನಸೂಯಮ್ಮ ಎಂಬುದು ತಮ್ಮ ಗಮನದಲ್ಲಿರಲಿ. ಹಿಂದಿನ ಬೆಳೆಯಲ್ಲಿ ಅಮ್ಮ ಸಾಕಿದ ರೇಷ್ಮೆ ಗೂಡನ್ನು ಚಲಪತಿಯ ಗೂಡ್ಸ್ ಆಟೋದಲ್ಲಿ ಮಾರುಕಟ್ಟೆಗೆ ಕಳಿಸಿದ್ದೆವು. ಆತ ನಮ್ಮ ಚೀಲಗಳ ಮೇಲೆ ಊರಿನವರ ಚೀಲಗಳನ್ನೆಲ್ಲ ಹೇರಿ, ದಾರಿಯಲ್ಲಿ ಸಿಕ್ಕ ಟೀ ಅಂಗಡಿಗಳಿಗೆಲ್ಲ ಗೌರವ ಸಲ್ಲಿಸಿ, ಹೊತ್ತೇರಿದ ಮೇಲೆ ಶಿಡ್ಲಘಟ್ಟ ಸೇರಿದ. ಅಷ್ಟರಲ್ಲಿ ಗೂಡು ನಲುಗಿ, ಬೆವೆತು, ಕಲೆ ಹಿಡಿದಿತ್ತು. ನೂಲು ತೆಗೆಯುವ ರೀಲರುಗಳು ಒಬ್ಬೊಬ್ಬರಾಗಿ ಬಂದು, ಒಂದು ಹಿಡಿ ಎತ್ತಿ ನೋಡಿ, ಬೆಲೆ ಕೂಗದೆ ಕೆಳಗಿಟ್ಟು ಮುಂದೆ ಹೋದರು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದ ಮೇಲೆ ಸರಿಯಾಗಿ ಕೂತು ಉಣ್ಣದೆ ಸೊಪ್ಪು ಹಾಕಿದ್ದ ಅಮ್ಮನಿಗೆ, ಯಾರಾದರೂ ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಈ ಸಲದ ಗೂಡು ಒಂದೂ ನಲುಗದೆ, ತನ್ನ ಕಣ್ಣೆದುರಿಗೇ ಮಾರುಕಟ್ಟೆ ಮುಟ್ಟಬೇಕೆಂದು ಹಟ ಹಿಡಿದು ಅಮ್ಮ ಒಂದು ಪುಟ್ಟ ಟ್ರೇಲರನ್ನೂ, ಅದನ್ನು ಕಾರಿಗೆ ಸಿಕ್ಕಿಸಿ ಎಳೆಯಲು ತಮ್ಮನ್ನೂ ತರಿಸಿದಳು. ಸುದ್ದಿ ತಿಳಿದ ಚಲಪತಿ ನಮ್ಮ ಗೇಟಿನ ಮುಂದೆ ಆಟೋ ನಿಲ್ಲಿಸಿ, "ಕಾರಿನ ಬಾಲಕ್ಕೆ ಗೂಡು ಕಟ್ಕೊಂಡು ಹೋಗ್ತೀಯೇನಕ್ಕ? ಹೋಗು ಹೋಗು, ಕೆರೆ ಕಟ್ಟೆ ಹತ್ರ ಹುಷಾರು. ಚೆಲ್ಲಿದ್ರೆ ಫೋನ್ ಮಾಡು, ಬಾಚ್ಕೊಂಡು ಬರ್ತೀನಿ" ಎಂದು ಹರಸಿ ಹೋದ.

ತಮ್ಮ ಪ್ರತಿಷ್ಠಾಪನೆ ಶಿಡ್ಲಘಟ್ಟದ ಸಾದಿಕ್ ಪಾಷಾ ಅವರ ವರ್ಕ್‌ಶಾಪಿನಲ್ಲಿ ನಡೆದದ್ದು ತಮಗೇ ಗೊತ್ತು. ಸಾದಿಕಣ್ಣನಿಗೆ ಕೆಲಸಕ್ಕಿಂತ ಉಪನ್ಯಾಸದಲ್ಲಿ ಹೆಚ್ಚು ಪ್ರೀತಿ. ಟ್ರೇಲರಿನ ಮೂತಿಯಲ್ಲಿರುವ ಬಟ್ಟಲು ತಮ್ಮ ತಲೆಯ ಮೇಲೆ ಪೂರ್ತಿ ಕವುಚಿಕೊಳ್ಳಬೇಕು, ಚಿಲಕ ಟಕ್ಕೆಂದು ಬೀಳಬೇಕು, ಅದಕ್ಕೊಂದು ಪಿನ್ನು ಹಾಕಬೇಕು, ಎರಡು ಸರಪಳಿಗಳನ್ನು ಕೆಳಗೆ ಅಡ್ಡಡ್ಡ ಕೊಟ್ಟು ಕಾರಿಗೆ ಸಿಕ್ಕಿಸಬೇಕು, ಮೂತಿ ಅಕಸ್ಮಾತ್ ಕಳಚಿದರೂ ಮಗು ಜೋಲಿಗೆ ಬಿದ್ದಹಾಗೆ ಅದರೊಳಗೆ ಬೀಳಬೇಕು ಎಂದೆಲ್ಲ ಹೇಳಿ, ಕೊನೆಗೆ, "ಹತ್ತು ಪಾಲು ಭಾರದಲ್ಲಿ ಆರು ಪಾಲು ಮುಂದ್ಗಡೆ ಇರ್ಬೇಕು ತಾತ. ಮೂತಿ ಹುಕ್ಕಿನ ಮೇಲೆ ಒತ್ಕೊಂಡು ಕೂತ್ರೇನೇ ಟ್ರೇಲರ್ ನೆಟ್ಟಗೆ ಬರೋದು" ಎಂದ. ಅಲ್ಲಿಯವರೆಗೆ ತಲೆದೂಗುತ್ತಿದ್ದ ನಮ್ಮ ತಾತ ನರಸಿಂಹಪ್ಪನವರು ತಟ್ಟನೆ ನಿಂತುಬಿಟ್ಟರು. "ಹುಟ್ಟಿದಾಗ್ಲಿಂದ ಎತ್ತಿನ ಗಾಡಿ ಹೊಡ್ದೋನು ನಾನು. ಕತ್ತಿನ ಮೇಲೆ ಭಾರ ಹಾಕೋನು ರೈತನೇನಯ್ಯ?" "ಇದಕ್ಕೆ ಕತ್ತೇ ಇಲ್ವಲ್ಲ ತಾತ!" ಎಂದ ಸಾದಿಕಣ್ಣ. "ಕತ್ತಿಲ್ದೆ ಹೋದ್ರೇನು, ಮೂಕಪ್ರಾಣಿ ಅಲ್ವೇನು?" ಸಾದಿಕಣ್ಣ ಉಪನ್ಯಾಸ ಬಿಟ್ಟು ಸ್ಪ್ಯಾನರ್ ಎತ್ತಿಕೊಂಡ.

ಹೊರಡುವ ದಿನ ಬೆಳಗ್ಗೆ ತಮಗೆ ದೊರೆತ ಸತ್ಕಾರವನ್ನು ಮತ್ತೆ ನೆನಪಿಸುವ ಅಗತ್ಯವಿಲ್ಲವೆಂದುಕೊಳ್ಳುತ್ತೇನೆ. ಅಜ್ಜಿ ಚಿಕ್ಕವೆಂಕಟಮ್ಮನವರು ತಮಗೆ ಅರಿಶಿನ ಕುಂಕುಮವಿಟ್ಟು, "ದುಂಡಗೆ ದೇವ್ರಂಗವ್ನೆ, ಬರೀ ಮೈಯಲ್ಲಿ ಬಿಡಬಾರ್ದು ಕಣೇ" ಎಂದು ಒಂದು ಮೊಳ ಕನಕಾಂಬರವನ್ನು ತಮ್ಮ ತಲೆಗೆ ಎರಡು ಸುತ್ತು ಸುತ್ತಿದರು. ತಾತ ಆ ಹೂವಿನ ಮೇಲೆಯೇ ಟ್ರೇಲರಿನ ಬಟ್ಟಲನ್ನು ಕೂರಿಸಿ, ಕೆಳಗಿಳಿಯದ ಚಿಲಕಕ್ಕೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟು, ಅರ್ಧ ಇಳಿದದ್ದನ್ನು ಪೂರ್ತಿ ಇಳಿಯಿತೆಂದು ಘೋಷಿಸಿ, ಪಿನ್ನನ್ನು ಮರೆತರು. ಸರಪಳಿಗಳನ್ನು ಮಾತ್ರ ಸಾದಿಕಣ್ಣ ತೋರಿಸಿದಂತೆಯೇ ನಾನು ಸಿಕ್ಕಿಸಿದೆ. ಅಷ್ಟು ತಗ್ಗಿನ ಕೆಲಸಕ್ಕೆ ಬಗ್ಗಲು ತಾತನಿಗೆ ಸೊಂಟ ಸಹಕರಿಸಲಿಲ್ಲ. ಆಮೇಲೆ ತಾತ ಗೂಡಿನ ಕ್ರೇಟುಗಳನ್ನು ಜೋಡಿಸಿ, ಹೋಗುವ ದಾರಿಯಲ್ಲೇ ಗಿರಣಿಗೆ ಹಾಕಿಬಿಡೋಣವೆಂದು ಎರಡು ಮೂಟೆ ರಾಗಿಯನ್ನು ಟ್ರೇಲರಿನ ತೀರಾ ಹಿಂದಕ್ಕೆ ಇಡಿಸಿದರು. ಮೂತಿ ಹಗುರಾಯಿತು. ತಾತ ಅದನ್ನು ಕಾರಿನ ಸಮೇತ ಕಿರುಬೆರಳಿನಿಂದ ಎತ್ತಿ ತೋರಿಸುವವರಂತೆ ನಿಂತು, "ನೋಡು, ನೊಗ ಅಂದ್ರೆ ಇದು" ಎಂದರು. ಸಾದಿಕಣ್ಣ ಹೇಳಿದ್ದು ಬೇರೆಯಲ್ಲವೇ ಎಂದು ನಾನು ಕೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ತಾತನಿಗೆ ಕೇಳಿಸಿತು. "ಸ್ಟೀರಿಂಗ್ ನಿಂದು, ನೊಗ ನಂದು. ಹತ್ತಮ್ಮ" ಎಂದರು.

ಕೆರೆ ಕಟ್ಟೆಯ ಇಳಿಜಾರು ಬರುವವರೆಗೂ ತಾವು ಸಭ್ಯರಾಗಿಯೇ ಇದ್ದಿರಿ. ಅಲ್ಲಿ ಕಾರು ಸ್ವಲ್ಪ ವೇಗ ಪಡೆದದ್ದೇ ತಡ, ಕನ್ನಡಿಯಲ್ಲಿ ಟ್ರೇಲರ್ ಒಮ್ಮೆ ಎಡಕ್ಕೆ ಇಣುಕಿತು, ಒಮ್ಮೆ ಬಲಕ್ಕೆ ಇಣುಕಿತು, ಆಮೇಲೆ ಎರಡೂ ಕಡೆಗೆ ಓಲಾಡತೊಡಗಿ ನಮ್ಮ ಕಾರಿನ ಬಾಲವನ್ನೂ ಜೊತೆಗೆ ಕುಣಿಸಿತು. ಹಿಂದಿನ ಸೀಟಿನಲ್ಲಿದ್ದ ತಾತ, "ಹೊಸ ಕರು ಕಣಮ್ಮ, ಹಂಗೇ ಕುಣೀತದೆ" ಎಂದು ಸಮಾಧಾನ ಹೇಳಿದರು. ಪಕ್ಕದಲ್ಲಿ ಅಮ್ಮ ತಿರುಗಿ ಕೂತು ಕ್ರೇಟುಗಳನ್ನೇ ನೋಡುತ್ತಾ, "ನನ್ನ ಗೂಡು ಕಣೇ, ನನ್ನ ಗೂಡು" ಎನ್ನುತ್ತಿದ್ದಳು. ಒಂದು ಕಡೆ ಕೆರೆ ತುಂಬಿತ್ತು. ಬ್ರೇಕ್ ಜೋರಾಗಿ ಒತ್ತಿದರೆ ಕಾರೂ ಟ್ರೇಲರೂ ಮಡಚಿಕೊಳ್ಳುತ್ತವೆಂದು ಸಾದಿಕಣ್ಣ ಹೇಳಿದ್ದು ನೆನಪಾಗಿ, ಸ್ಟೀರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರಿನಿಂದ ಕಾಲನ್ನಷ್ಟೇ ತೆಗೆದೆ. ಆಗ ತಾವು, ನಮ್ಮ ಮನೆಯ ಅರಿಶಿನ ಕುಂಕುಮ ಉಂಡ ತಾವು, ಲಟಕ್ಕೆಂದು ಬಟ್ಟಲನ್ನು ಹೊರಕ್ಕೆ ಉಗುಳಿದಿರಿ.

ತಮ್ಮ ಉದಾಸೀನವನ್ನು ನಾನು ಈ ಸಂದರ್ಭದಲ್ಲಿ ಮನಸಾರೆ ಕೊಂಡಾಡುತ್ತೇನೆ. ಸರಪಳಿಗಳು ಮಾತ್ರ ಅಷ್ಟು ದೊಡ್ಡ ಮನಸ್ಸಿನವಲ್ಲದ ಕಾರಣ ಬಿದ್ದ ಮೂತಿಯನ್ನು ಜೋಲಿಯಲ್ಲಿ ಹಿಡಿದುಕೊಂಡವು. ನಾವು ಕರಕರ ಸದ್ದು ಮಾಡುತ್ತಾ ನಿಧಾನವಾಗಿ ರಸ್ತೆಯ ಅಂಚಿಗೆ ಬಂದು ನಿಂತೆವು. ಅಮ್ಮ ಮೊದಲು ಇಳಿದಳು. ಕ್ರೇಟುಗಳು ಸರಿದಿದ್ದವು, ಚೆಲ್ಲಿರಲಿಲ್ಲ. ಅದೇ ಹೊತ್ತಿಗೆ ಚಲಪತಿಯ ಆಟೋ ಬರಬೇಕೇ? ಆತ ಇಳಿಯದೆಯೇ ತಲೆ ಹೊರಹಾಕಿ, "ಎತ್ಕೊಳ್ಳಣವೇನಕ್ಕ?" ಎಂದ. ನಾನಂತೂ ಹೂಂ ಎಂದುಬಿಡಲು ಬಾಯಿ ತೆರೆದಿದ್ದೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನೀನು ನಡಿಯಪ್ಪ, ಟೀ ಆರೋಗ್ತದೆ" ಎಂದಳು.

ಚಕ್ರಗಳಿಗೆ ಕಲ್ಲು ಕೊಟ್ಟು ನಾವು ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಜಜ್ಜಿಹೋದ ಕನಕಾಂಬರವನ್ನು ನಾನು ತಮ್ಮ ತಲೆಯಿಂದ ಬಿಡಿಸಿ ತೆಗೆದೆ, ಅಜ್ಜಿಗೆ ಹೇಳಬೇಡಿ. ಅಮ್ಮನೂ ನಾನೂ ರಾಗಿ ಮೂಟೆಗಳನ್ನು ಚಕ್ರದ ಮುಂದಕ್ಕೆ ಎಳೆದು ಅಲುಗದಂತೆ ಹಗ್ಗ ಬಿಗಿದೆವು. ಬಟ್ಟಲು ಕೂತಿತು, ಚಿಲಕ ಟಕ್ಕೆಂದಿತು, ಪಿನ್ನು ಸೇರಿತು. ನಾನು ಮೂತಿಯನ್ನು ಮೇಲೆತ್ತಿ ನೋಡಿದರೆ ಅದರೊಂದಿಗೆ ಕಾರಿನ ಹಿಂಭಾಗವೂ ತುಸು ಮೇಲೆದ್ದಿತು. ಇಷ್ಟು ಹೊತ್ತೂ ಕೆರೆಯ ಕಡೆ ನೋಡುತ್ತಾ ನಿಂತಿದ್ದ ತಾತ ಹತ್ತಿರ ಬಂದು, ಕಾರಿನ ಬೆನ್ನು ತಟ್ಟಿ, ಬಹಳ ಬೇಸರದಿಂದ ತೀರ್ಪು ಕೊಟ್ಟರು: "ಎತ್ತು ಅಂದ್ಕೊಂಡಿದ್ದೆ ಕಣಮ್ಮ. ಇದು ಕತ್ತೆ. ಬೆನ್ನ ಮೇಲೆ ಭಾರ ಇದ್ರೇನೇ ನೆಟ್ಟಗೆ ನಡೆಯೋದು."

ಕತ್ತೆ ನೆಟ್ಟಗೆ ನಡೆಯಿತು. ಹರಾಜು ಶುರುವಾಗುವ ಮೊದಲೇ ನಾವು ಮಾರುಕಟ್ಟೆಯಲ್ಲಿದ್ದೆವು. ಮಜರ್ ಎಂಬ ರೀಲರ್ ಒಂದು ಗೂಡೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಿನಿಂದ ಒತ್ತಿ, ಇನ್ನೊಂದು ಹಿಡಿ ಎತ್ತಿ, ಅದನ್ನು ಕೆಳಗಿಡದೆ, "ಯಾರ್ದಮ್ಮ ಇದು ಗೂಡು?" ಎಂದು ಕೇಳಿದರು. ಬೆಳಗ್ಗೆ ಹೊರಡುವ ಮೊದಲೇ ತಮಗೆ ಕಾಲು ಬಡಿಸಿಕೊಂಡು ಕುಂಟುತ್ತಿದ್ದ ನನ್ನ ಅಮ್ಮ, ಕುಂಟುವುದನ್ನು ಮರೆತು ಮುಂದೆ ಬಂದು, "ನಂದೇ" ಎಂದಳು.

ಇಂಥ ತಮ್ಮಲ್ಲಿ ನನ್ನವು ಕೆಲವು ಸಣ್ಣ ಕೋರಿಕೆಗಳು. ಇನ್ನು ಮುಂದೆ ಬಟ್ಟಲು ಅರ್ಧ ಕೂತಾಗ ತಾವು ಹೊರಡುವ ಮೊದಲೇ ಕೆಮ್ಮಬೇಕು. ಸಾಧ್ಯವಾದರೆ ತಾತನ ಎತ್ತುಗಳ ದನಿಯಲ್ಲಿ, ಏಕೆಂದರೆ ಅವರು ನಂಬುವುದು ಅವುಗಳನ್ನು ಮಾತ್ರ. ಅಜ್ಜಿಯ ಕುಂಕುಮವನ್ನು ಸ್ವೀಕರಿಸಿ, ಹೂವನ್ನು ವಿನಯದಿಂದ ನಿರಾಕರಿಸಬೇಕು. ಟ್ರೇಲರ್ ಇಲ್ಲದ ದಿನಗಳಲ್ಲಿ ತಲೆಯನ್ನು ಒಳಕ್ಕೆ ಎಳೆದುಕೊಳ್ಳುವುದನ್ನು ಆಮೆಗಳಿಂದ ಕಲಿಯಬೇಕು. ಕಲಿಯಲು ಆಗದಿದ್ದರೆ ತಮ್ಮ ಮೇಲೆ ಒಂದು ಹಳೆಯ ಟೆನಿಸ್ ಚೆಂಡನ್ನು ಸೀಳಿ ತೊಡಿಸುತ್ತೇನೆ. ಅದನ್ನು ಅವಮಾನವೆಂದು ಭಾವಿಸಬಾರದು.

ಕುಂಟುತ್ತಲೇ ಕೈಮುಗಿಯುವ,
ತಮ್ಮ ವಿಶ್ವಾಸಿ,
ಕವಿತ

ತಾ.ಕ.: ಪಕ್ಕದ ಮನೆಯ ಚೆನ್ನರಾಯಪ್ಪನವರು ಮುಂದಿನ ಹುಣ್ಣಿಮೆಗೆ ಅವರ ಇಡೀ ಸಂಸಾರವನ್ನು ಇದೇ ಟ್ರೇಲರಿನಲ್ಲಿ ಕೂರಿಸಿಕೊಂಡು ಕೈವಾರಕ್ಕೆ ಹೋಗಿಬರೋಣವೆಂದು ಕೇಳಿದ್ದಾರೆ. ಟ್ರೇಲರಿನಲ್ಲಿ ಜನರನ್ನು ಕೂರಿಸಬಾರದು ಎಂದು ನಾನು ಹೇಳಿದ್ದು ಎಂದಿನಂತೆ ಯಾರಿಗೂ ಕೇಳಿಸಿಲ್ಲ. ತಾತ ಒಪ್ಪಿಕೊಂಡುಬಿಟ್ಟಿದ್ದಾರೆ. ಅವರದು ಒಂದೇ ಷರತ್ತು: "ದಪ್ಪಗಿರೋರೆಲ್ಲ ಮುಂದ್ಗಡೆ ಕೂತ್ಕೋಬೇಕು." ಆ ದಿನ ತಮ್ಮ ಪಿನ್ನು ನನ್ನ ವ್ಯಾನಿಟಿ ಬ್ಯಾಗಿನಲ್ಲಿರುತ್ತದೆ, ಪಿನ್ನಿಲ್ಲದೆ ನಾನು ಕಾರು ತೆಗೆಯುವುದಿಲ್ಲ. ಯಾರಾದರೂ ಕೇಳಿದರೆ, ಎಂದಿನಂತೆ, ತಾವು ಬಾಯಿ ಬಿಡಬಾರದಾಗಿ ವಿನಂತಿ.