ಬ್ಯಾಂಕಿಗೆ ಬೇಡವಾದ ಬಂದೂಕು

ಬ್ಯಾಂಕಿನವರಿಗೂ ನನಗೂ ಯಾವ ಜನ್ಮದ ದ್ವೇಷವೋ, ವರ್ಷಕ್ಕೊಂದು ಜಗಳವಾದರೂ ಆಗಲೇಬೇಕು. ಆ ವರ್ಷ ಮಾತ್ರ ಸಾಲುಸಾಲಾಗಿ ಆದವು. ನಾನು ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಒಂದು ಸಣ್ಣ ಬಂದೂಕು ಕಾರ್ಖಾನೆಯ ಆಫೀಸ್ ನೋಡಿಕೊಳ್ಳುವವನು. ಗುರಿ ಹೊಡೆಯುವ ಕ್ಲಬ್ಬಿನವರಿಗೆ, ರೈತರಿಗೆ ರೈಫಲ್ ಮಾಡಿಕೊಡುತ್ತೇವೆ. ಎಲ್ಲಕ್ಕೂ ಲೈಸೆನ್ಸ್ ಇದೆ, ಪೊಲೀಸರ ತಪಾಸಣೆ ಇದೆ. ನನಗಂತೂ ಪಟಾಕಿ ಹೊಡೆಯಲೂ ಭಯ. ಓದು ಮುಗಿದ ಮೇಲೆ ಸಿಕ್ಕಿದ ಕೆಲಸ ಇದು, ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಆಯಿತು, ಉಳಿದುಕೊಂಡೆ.

ಪತ್ರ

ಒಂದು ಬೆಳಿಗ್ಗೆ ಬ್ಯಾಂಕಿನಿಂದ ಪತ್ರ ಬಂತು. ನಿಮ್ಮ ವ್ಯವಹಾರ ನಮ್ಮ ಮೌಲ್ಯಗಳಿಗೆ ಹೊಂದುವುದಿಲ್ಲ, ಮೂವತ್ತು ದಿನದಲ್ಲಿ ಖಾತೆ ಮುಚ್ಚುತ್ತೇವೆ ಅಂತ. ಇಪ್ಪತ್ತು ವರ್ಷ ಹೊಂದಿದ್ದು ಈಗ ಹೊಂದುವುದಿಲ್ಲವಂತೆ! ಖಾತೆ ಇಲ್ಲದಿದ್ದರೆ ಏಳು ಜನಕ್ಕೆ ಸಂಬಳ ಹಾಕುವಂತಿಲ್ಲ, ಕಾರ್ಖಾನೆಗೆ ಬೀಗವೇ ಗತಿ. ಎಪ್ಪತ್ತರ ಹತ್ತಿರದ ನಮ್ಮ ಬಾಸ್ ಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ನಾನೇನು ಬ್ಯಾಂಕ್ ದರೋಡೆ ಮಾಡಿದ್ದೀನಾ, ಮೇಟ್?"

"ಮಾಡಿದ್ರೆ ದುಡ್ಡಾದರೂ ಕೊಡ್ತಿದ್ರು ಬಾಸ್" ಅಂದೆ.

ಸೊಂಟ

ಮೈಯೆಲ್ಲ ಉರಿದು ಬ್ರಾಂಚಿಗೇ ಹೋದೆ. ಮ್ಯಾನೇಜರ್ ಎದುರು ಕೂತಿದ್ದಾಗ ಎಟಿಎಮ್‌ಗೆ ದುಡ್ಡು ತುಂಬುವ ಗಾಡಿ ಬಂದು ನಿಂತಿತು. ಇಳಿದ ಗಾರ್ಡ್‌ನ ಸೊಂಟದಲ್ಲಿ ಪಿಸ್ತೂಲು.

"ಅದೇನು ಹಾಗಾದರೆ?" ಅಂತ ಕೇಳಿದೆ.

"ಅದು ನಮ್ಮದಲ್ಲ ಸರ್, ಗುತ್ತಿಗೆ ಕಂಪನಿಯದು."

"ಅವನು ಕಾಯುತ್ತಿರುವ ದುಡ್ಡು?"

"ಅದು ನಮ್ಮದು."

ಪೂಜೆ

ಸಿಡ್ನಿಯಲ್ಲಿ ಇನ್ನೂ ಮೂರು ಬ್ಯಾಂಕುಗಳು ಕೈ ಎತ್ತಿದವು. ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ಒಂದು ಬ್ಯಾಂಕಿನ ಮ್ಯಾನೇಜರ್ ದಾವಣಗೆರೆಯವರು ಅಂತ ಯಾರೋ ಹೇಳಿದರು. ವಿಮಾನ ಹತ್ತಿ ಹೋದೆ. ಅವರು ಕಾಫಿ ಕೊಟ್ಟು, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಜೂಜಿನ ಮಷೀನು ಇಟ್ಟವರಿಗೆ ಖಾತೆ ಉಂಟು. ಹೆಂಡ, ಸಿಗರೇಟು ಮಾರುವವರಿಗೂ ಉಂಟು.

"ಬಂದೂಕು ಅಂತ ಒತ್ತಿದ್ರೆ ಮಾತ್ರ ಕೆಂಪು ಬರ್ತತ್ರೀ, ನಾನೇನ್ ಮಾಡ್ಲಿ?"

ನನಗೆ ತಡೆಯಲಾಗಲಿಲ್ಲ. "ಸರ್, ನಮ್ಮೋರಾಗಿ ಹೀಗಂದ್ರೆ ಹೇಗೆ? ನೀವೂ ಆಯುಧಪೂಜೆ ಮಾಡ್ತೀರಲ್ಲ?"

"ತಪ್ಪಿಸೋದಿಲ್ರೀ. ಲ್ಯಾಪ್‌ಟಾಪಿಗೆ ಮಾಡ್ತೀವಿ."

ಪುಡಿ

ಸಿಟ್ಟಿನಲ್ಲೇ ಮೆಲ್ಬರ್ನ್‌ನ ಇನ್ನೊಂದು ಮೂಲೆಯ ಕ್ಲೈಡ್ ನಾರ್ತ್‌ನಲ್ಲಿರುವ ಅಕ್ಕನ ಮನೆಗೆ ಹೋದರೆ ಅವಳು ನನಗಿಂತ ಕೆಂಡವಾಗಿದ್ದಳು. ಅವಳು ಚಟ್ನಿಪುಡಿ ಮಾಡಿ ಮಾರುತ್ತಾಳೆ. ಇಲ್ಲಿನವರಿಗೆ ಚಟ್ನಿಪುಡಿ ಅಂದರೆ ಗೊತ್ತಾಗುವುದಿಲ್ಲವೆಂದು ಹೋಟೆಲಿನವರ ಹಾಗೆ ಇವಳೂ ಪ್ಯಾಕೆಟ್ಟಿನ ಮೇಲೆ 'ಗನ್ ಪೌಡರ್' ಅಂತ ಹಾಕಿದ್ದಾಳೆ. ನಮ್ಮ ಬಾಸ್‌ಗೆ ಆ ಪುಡಿ ಅಂದರೆ ಪ್ರಾಣ. ಹಿಂದಿನ ವಾರ ಆಫೀಸ್ ಖಾತೆಯಿಂದಲೇ ಹಣ ಕಳಿಸಿ, 'ಗನ್ ಪೌಡರ್, ಐದು ಕಿಲೋ' ಅಂತ ಬರೆದಿದ್ದೆ. ಅಕ್ಕನ ಬ್ಯಾಂಕಿನವರು ಅವಳ ಖಾತೆಯನ್ನು ತಡೆಹಿಡಿದು ಫೋನ್ ಮಾಡಿದ್ದರಂತೆ.

"ಗನ್ ಪೌಡರ್ ಎಲ್ಲಿ ತಯಾರಿಸುತ್ತೀರಿ?"

"ಅಡುಗೆಮನೆಯಲ್ಲಿ."

"ಹೇಗೆ?"

"ಮೊದಲು ಎಲ್ಲ ಕೆಂಪಗೆ ಹುರಿಯಬೇಕು."

"ಯಾರಿಗಾದರೂ ಅಪಾಯ ಆಗಿದೆಯೇ?"

"ನಮ್ಮ ಯಜಮಾನರಿಗೆ ಒಂದು ಸಲ. ಎಣ್ಣೆ ಹಾಕಿಕೊಳ್ಳದೆ ತಿಂದಿದ್ದರು."

"ನಿನ್ನ ಕೆಲಸದಿಂದ ನನ್ನ ಖಾತೆಗೂ ಕುತ್ತು ಬಂತಲ್ಲೋ!" ಅಂತ ಅಕ್ಕ ನನಗೆ ಬೈದಳು. ಮಾರನೆಯ ದಿನ ಇಬ್ಬರೂ ಪ್ಯಾಕೆಟ್ ಹಿಡಿದು ಅವಳ ಬ್ಯಾಂಕಿಗೆ ಹೋದೆವು. ಅಲ್ಲಿನ ಮ್ಯಾನೇಜರ್ ಹೆಂಗಸು ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿಂದು, ಕಣ್ಣೀರು ಒರೆಸಿಕೊಂಡು, ಮೂರು ಸಲ ಸಾರಿ ಕೇಳಿದರು. ನಿಂತ ಕಾಲಲ್ಲೇ ಅಕ್ಕನಿಗೆ ಬಿಸಿನೆಸ್ ಖಾತೆ ತೆರೆದುಕೊಟ್ಟರು. ಖಾತೆಯ ಹೆಸರು: ಗನ್ ಪೌಡರ್. ಇದೇ ಸಮಯವೆಂದು ನಮ್ಮ ಕಾರ್ಖಾನೆಯ ವಿಷಯವನ್ನೂ ತೆಗೆದೆ, ಕೈ ಮುಗಿಯುವುದೊಂದು ಬಾಕಿ.

"ಕ್ಷಮಿಸಿ, ಆಯುಧದವರಿಗೆ ನಾವು ಖಾತೆ ಕೊಡುವುದಿಲ್ಲ."

ಗಡುವಿಗೆ ಉಳಿದದ್ದು ಒಂಬತ್ತು ದಿನ. ಬಾಸ್‌ಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಪಾಪ, ಮುದುಕರ ಎದೆ ಒಡೆಯಿತೇನೋ ಅಂದುಕೊಂಡೆ.

"ಸರಿ" ಅಂದರು. "ನಾಳೆಯಿಂದ ನಿಮ್ಮಕ್ಕನ ಖಾತೆಯಲ್ಲಿ ಪುಡಿ ಮಾರೋಣ. ಒಂದು ಪ್ಯಾಕೆಟ್ ತಗೊಂಡವರಿಗೆ ಒಂದು ರೈಫಲ್ ಫ್ರೀ."