ಮೆಕ್ಕೆಜೋಳಕ್ಕೆ ಹಾಕಿದ ಸಹಿ

ಹೆದರುವವರನ್ನು ಹೆದರಿಸುವ ಸಂಗತಿಗಳು ವಿಳಾಸ ಕೇಳಿಕೊಂಡು ಬರುತ್ತವೆ. ನಾನು ಹುಟ್ಟಾ ಅಂಜುಬುರುಕ. ಅಂಥವನಿಗೆ ಸಿಕ್ಕಿದ್ದು ಆಂಧ್ರದ ಅಚ್ಯುತಾಪುರಂ ಹತ್ತಿರದ ಕೋಳಿ ಆಹಾರದ ಮಿಲ್ಲಿನಲ್ಲಿ ಕಾಳು ಪರೀಕ್ಷಿಸಿ ಪಾಸ್ ಮಾಡುವ ಕೆಲಸ.

ನಮ್ಮ ಕಡೆಯ ಲಾರಿ

ಮಳೆಗಾಲದಲ್ಲಿ ಒಂದು ಮೆಕ್ಕೆಜೋಳದ ಲಾರಿ ಬಂತು. ಚೀಲಗಳಿಗೆ ಕೊಳವೆ ಚುಚ್ಚಿ, ಅಡಿಯ ಸಾಲಿನಿಂದಲೂ ಕಾಳು ತೆಗೆದು, ತೇವ ನೋಡಬೇಕು. ಮೇಲಿನ ಚೀಲದ ನಾಲ್ಕು ಕಾಳು ಕಚ್ಚುತ್ತಿದ್ದೆ, ಡ್ರೈವರ್ ಕನ್ನಡದಲ್ಲಿ ಕೇಳಿದ.

"ಯಾವೂರು ಸಾರ್ ನಿಮ್ದು?"

"ದಾವಣಗೆರೆ ಕಡೆ."

"ಅಯ್ಯೋ, ನಮ್ದು ಹರಿಹರ! ತಗಳ್ರಿ, ಖಾರ ಮಂಡಕ್ಕಿ ತಿನ್ರಿ."

ಎಷ್ಟೋ ತಿಂಗಳ ಮೇಲೆ ಹೊರಗಿನವರ ಬಾಯಲ್ಲಿ ಕನ್ನಡ ಕೇಳಿದ್ದೆ. ಕರಗಿಹೋದೆ. ಅಡಿಯ ಸಾಲು ಮರೆತೇಹೋಯಿತು. ಲಿಪಿ ಮರೆಯಬಾರದೆಂದು ನಾನು ಯಾವಾಗಲೂ ಕನ್ನಡದಲ್ಲೇ ಸಹಿ ಹಾಕುವವನು, ಅವತ್ತಂತೂ ಲಾರಿಯ ಚೀಟಿಗೆ ಸುಳಿ ಎಳೆದು ಹಾಕಿದೆ. ಲಾರಿ ಹೋದ ಮೇಲೆ ಹೊಳೆಯಿತು: ಮಂಡಕ್ಕಿಗೆ ಎರಡು ಪ್ಲಾಸ್ಟಿಕ್ ಕವರ್ ಸುತ್ತಿದ್ದ ಪುಣ್ಯಾತ್ಮ, ಮೆಕ್ಕೆಜೋಳಕ್ಕೆ ಹೊದಿಸಿದ್ದು ಹರಿದ ತಾಡಪಾಲು.

ಪತ್ತೇದಾರ

ಕೆಲವು ದಿನ ಬಿಟ್ಟು ಮ್ಯಾನೇಜರ್ ಕರೆದರು. ವಿಜಯವಾಡದ ಆಚೆಯ ಒಂದು ಫಾರಂನಿಂದ ಫೋನ್ ಬಂದಿತ್ತು. ಕೋಳಿಗಳಿಗೆ ತಿಂದದ್ದು ಅರಗುತ್ತಿಲ್ಲ, ಹಿಕ್ಕೆ ನೀರು ನೀರು, ಕಾಳಿನ ಚೂರು ಹಾಗೇ ಹೊರಗೆ ಬರುತ್ತಿದೆ, ತೂಕ ಏರುತ್ತಿಲ್ಲ.

"ಕಾಳೇ ಕೆಟ್ಟಿದ್ದರೆ ಪಾಸ್ ಮಾಡಿದವನ ಕೆಲಸ ಹೋಯಿತು" ಎಂದು ಅವರು ಲಾರಿಯ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ಯಾರ ಸಹಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡು ನೋಡುವ ಸ್ಥಿತಿ ನನ್ನದು. ಆದರೂ "ಗೊತ್ತಾಗ್ತಿಲ್ಲ ಸಾರ್" ಎಂದೆ.

"ಹಾಗಾದರೆ ನೀವೇ ಫಾರಂಗೆ ಹೋಗಿ ಪತ್ತೆ ಮಾಡಿ" ಎನ್ನುತ್ತಾ, ಅದೇ ಲೋಡಿನ ಅಡಿಯ ಚೀಲದ ಕಾಳಿನ ಪೊಟ್ಟಣ ಕೈಗಿಟ್ಟರು.

ಮನೆಯಲ್ಲಿ ಹೆಂಡತಿ, "ಕೆಲಸ ಹೋದ್ರೆ ಮಗಳ ಶಾಲೆ ಗತಿ ಏನ್ರೀ?" ಎಂದು ಕಣ್ಣೊರೆಸಿಕೊಂಡಳು. ದುವ್ವಾಡ ಸ್ಟೇಷನ್ನಿನಲ್ಲಿ ವಿಜಯವಾಡದ ರೈಲು ಹತ್ತಿದೆ. ನನ್ನನ್ನು ಹಿಡಿಯಲು ನನ್ನನ್ನೇ ಖರ್ಚು ಕೊಟ್ಟು ಕಳಿಸಿದ್ದರು.

ಎರಡು ಜಾಲರಿ

ಫಾರಂ ನೋಡಿಕೊಳ್ಳುವವರು ಒಬ್ಬ ಹಿರಿಯ ಹೆಂಗಸು. ಶೆಡ್ಡಿನಲ್ಲಿ ಹಾಸಿದ ಹೊಟ್ಟು ಒದ್ದೆ, ಕೋಳಿಗಳು ಸೊರಗಿದ್ದವು. ನೋಡಿ ನಿಜಕ್ಕೂ ಪಾಪ ಅನ್ನಿಸಿತು. ಆಕೆ ಹಿಕ್ಕೆಯನ್ನು ಟೀ ಸೋಸುವ ಜಾಲರಿಯಲ್ಲಿ ತೊಳೆದು ಕಾಳಿನ ಚೂರು ತೋರಿಸಿದರು.

"ನೋಡಿ, ಹಾಕಿದ್ದು ಹಾಕಿದ ಹಾಗೇ ಬರ್ತಿದೆ. ಕೂತ್ಕೊಳ್ಳಿ, ಟೀ ತರ್ತೀನಿ."

ನನ್ನ ಮುಖ ನೋಡಿ, "ಹೆದರಬೇಡಿ, ಟೀಗೆ ಬೇರೆ ಜಾಲರಿ ಇದೆ" ಎಂದರು. ಒಳಗೆ ಹಣಕಿದೆ. ಇತ್ತು. ಆಕೆ ಕೈಯಲ್ಲಿದ್ದದ್ದನ್ನೂ ಅದೇ ಮೊಳೆಗೆ ತೂಗುಹಾಕಿದರು; ಎರಡೂ ಒಂದೇ ಅಂಗಡಿಯವು, ಯಾವುದು ಯಾವುದಕ್ಕೋ ತಿಳಿಯುವಂತಿರಲಿಲ್ಲ.

ಎರಡೇ ಕಾಳು

ಟೀ ಆದ ಮೇಲೆ ಆಕೆ ಪೊಟ್ಟಣ ಬಿಚ್ಚಿ ಮೂಸಿದರು. ಮುಗ್ಗಲು ವಾಸನೆ ನನಗೂ ಬಡಿಯಿತು.

"ಇದನ್ನು ಪಾಸ್ ಮಾಡಿದವನು ಒಂದು ಹಿಡಿ ಅಗಿದು ನುಂಗಬೇಕು. ನನ್ನ ಕೋಳಿಗೆ ಅರಗದ್ದು ಅವನಿಗೆ ಅರಗುತ್ತಾ ನೋಡೋಣ. ನೀವಲ್ಲವಲ್ಲ, ನೀವು ಎರಡೇ ಕಾಳು ಕಚ್ಚಿ ಸಾಕ್ಷಿ ಹೇಳಿ."

ಬಾಯಿಗೆ ಹಾಕಿಕೊಂಡೆ. ಒಣ ಕಾಳು ಹಲ್ಲಿಗೆ ಕಟಕ್ ಎನ್ನಬೇಕು. ಇದು ಮೆತ್ತಗೆ ಅಪ್ಪಚ್ಚಿಯಾಯಿತು. ಉಗುಳಲು ಭಯ, ನುಂಗಲು ಇನ್ನೂ ಭಯ. ಕಾಳು ಬಾಯಲ್ಲಿದ್ದಂತೆಯೇ ಕೈಮುಗಿದೆ.

"ಅಮ್ಮಾ, ಪಾಸ್ ಮಾಡಿದ್ದು ನಾನೇ. ತಪ್ಪಾಯಿತು."

"ಉಗುಳಿ, ಉಗುಳಿ!" ಎಂದು ಆಕೆ ನಗತೊಡಗಿದರು. "ಬೆಳಿಗ್ಗೆಯೇ ನಿಮ್ಮ ಮ್ಯಾನೇಜರ್ ಫೋನ್ ಮಾಡಿದ್ದರು. 'ಪಾಸ್ ಮಾಡಿದವನೇ ಬರ್ತಿದ್ದಾನೆ, ನನ್ನ ಹತ್ತಿರ ಹೇಳೋಕೆ ಹೆದರ್ತಾನೆ, ಶೆಡ್ಡು ನೋಡಿದರೆ ಒಪ್ಕೋತಾನೆ' ಅಂದ್ರು."

ಫಾರಂಗೆ ಹೊಸ ಆಹಾರ ಹೋಯಿತು, ಕೋಳಿಗಳು ಚೇತರಿಸಿಕೊಂಡವು. ನಾನು ಮಾತ್ರ ರಾಜೀನಾಮೆ ಬರೆದುಕೊಂಡು ಮ್ಯಾನೇಜರ್ ಮುಂದೆ ನಿಂತೆ. "ಸಾರ್, ನಿಮಗೆ ಹೇಗೆ ಗೊತ್ತಾಯಿತು?"

"ಇಡೀ ಮಿಲ್ಲಿನಲ್ಲಿ ಕನ್ನಡದಲ್ಲಿ ಸಹಿ ಹಾಕೋರು ಎಷ್ಟು ಜನ ಇದ್ದಾರೆ ಕಣಯ್ಯಾ?"

ಅವರು ಕಾಗದ ಹರಿದು ಹಾಕಿದರು. ಕೆಲಸ ಉಳಿಯಿತು. ಆದರೆ ಮಾರನೇ ದಿನ ಗೇಟಿನಲ್ಲಿ ಹೊಸ ಆದೇಶ ಅಂಟಿಸಿದ್ದರು: ಕರ್ನಾಟಕದಿಂದ ಲಾರಿ ಬಂದಾಗ ನನ್ನನ್ನು ಊಟಕ್ಕೆ ಕಳಿಸತಕ್ಕದ್ದು.