ಅತ್ತೆ ಕಲಿತ ಕಂಪನಿ ಕಾನೂನು

ಕಾನೂನು ಪಾಠ ಮಾಡುವವರ ಮನೆಯಲ್ಲಿ ನಗುವಂಥದ್ದೇನು ನಡೆದೀತು ಎಂದು ಕೇಳುವವರಿದ್ದಾರೆ. ಅಂಥವರು ಒಂದು ಭಾನುವಾರ ನಮ್ಮ ಮನೆಗೆ ಬಂದು ಕೂತು ಹೋಗಲಿ. ನಾನು ವಿಜಯನಗರದ ಒಂದು ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ವ್ಯವಹಾರ ಕಾನೂನು ಕಲಿಸುವವಳು. ಭಾನುವಾರ ಬೆಳಿಗ್ಗೆ ಮನೆಯ ಹಾಲ್‌ನಲ್ಲೇ ಏಳೆಂಟು ಮಕ್ಕಳಿಗೆ ಟ್ಯೂಷನ್. ಅದೇ ಹಾಲ್‌ನ ಮೂಲೆಯಲ್ಲಿ ನಮ್ಮತ್ತೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಲೋ, ಸೊಪ್ಪು ಸೋಸುತ್ತಲೋ ಕೂತಿರುತ್ತಾರೆ. ಹೇರೋಹಳ್ಳಿಯ ರೈತರ ಮನೆಯ ಮಗಳು, ಓದಿದ್ದು ನಾಲ್ಕನೇ ಕ್ಲಾಸು. ಪಾಠದ ನಡುವೆ ಎದ್ದು ನನಗೊಂದು ಲೋಟ ಕಾಫಿ ತಂದಿಟ್ಟು ಮತ್ತೆ ಮೂಲೆಗೆ ಹೋಗುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ವಿಷಯದ ಬಗ್ಗೆ ಅವರ ತೀರ್ಪು ಒಂದೇ: "ಪುಸ್ತಕದ ಬದನೆಕಾಯಿ ಸಾರಿಗಾಗುತ್ತೇನಮ್ಮ?"

ಹದಿನೆಂಟು ವರ್ಷ ಅದೊಂದು ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಒಂದು ಸಲವಾದರೂ ನನ್ನ ಪಾಠ ಈ ಮನೆಯ ಉಪಯೋಗಕ್ಕೆ ಬರಬೇಕು, ಅತ್ತೆಯ ಬಾಯಲ್ಲೇ ಅದನ್ನು ಕೇಳಬೇಕು ಎಂಬುದು ನನ್ನ ಆಸೆ. ಈಡೇರಿತು. ಆದರೆ ನಾನು ಅಂದುಕೊಂಡ ರೀತಿಯಲ್ಲಲ್ಲ.

ಉಪ್ಪಿಟ್ಟಿನ ನಿಯಮ

ಅಂಗಡಿಯವರು ಗಾಜಿನ ಹಿಂದೆ ಸೀರೆ ತೂಗುಹಾಕಿ ಬೆಲೆಚೀಟಿ ಅಂಟಿಸಿದ್ದರೆ ಅದು ಮಾರುವ ಪ್ರಸ್ತಾಪ ಅಲ್ಲ, ಬಂದು ಕೇಳಿ ಎನ್ನುವ ಆಹ್ವಾನ ಮಾತ್ರ. ಇದು ನಮ್ಮಲ್ಲಿ ಎಲ್ಲ ಮಕ್ಕಳೂ ಎಡವುವ ಜಾಗ. ಒಂದು ಭಾನುವಾರ ಮೂರು ಸಲ ಹೇಳಿದರೂ ಒಬ್ಬ ಹುಡುಗ ಪಟ್ಟು ಬಿಡಲಿಲ್ಲ.

"ಮೇಡಂ, ರೇಟ್ ಹಾಕವ್ರೆ ಅಂದ್ಮೇಲೆ ಕೊಡ್ಲೇಬೇಕಲ್ವಾ?"

ಮೂಲೆಯಿಂದ ಅತ್ತೆ, ಕಾಯಿಯಿಂದ ಕಣ್ಣೆತ್ತದೆ, "ಹೆಣ್ಣು ನೋಡಕ್ಕೆ ಬನ್ನಿ ಅಂದಂಗೆ ಕಣಪ್ಪಾ ಅದು. ಬಂದು ಉಪ್ಪಿಟ್ಟು ತಿಂದ ಮಾತ್ರಕ್ಕೆ ಹೆಣ್ಣು ನಿಮ್ದಾಗಲ್ಲ" ಎಂದರು.

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕು ಮರೆತೆ. ಕಾಲೇಜಿನ ಮುಂದಿನ ಟೆಸ್ಟಿನಲ್ಲಿ ಆ ಪ್ರಶ್ನೆ ಬಂತು. ಪಟ್ಟು ಹಿಡಿದಿದ್ದ ಆ ಹುಡುಗನೇ ಬರೆದಿದ್ದ: "ಉಪ್ಪಿಟ್ಟು ತಿನ್ನುವುದು ಸ್ವೀಕೃತಿಯಲ್ಲ." ಹತ್ತಕ್ಕೆ ಹತ್ತು ಕೊಟ್ಟೆ. ಪಕ್ಕದಲ್ಲಿ ಪೇಪರ್ ನೋಡುತ್ತಿದ್ದ ನಮ್ಮ ಹಿರಿಯ ಸಹೋದ್ಯೋಗಿ ಕನ್ನಡಕ ತೆಗೆದು ಕೇಳಿದರು, "ಇದು ಯಾವ ಕೋರ್ಟಿನ ತೀರ್ಪು ಮೇಡಂ? ನಾನೂ ಕ್ಲಾಸಲ್ಲಿ ಹೇಳ್ಬೇಕು."

ಟ್ಯಾಂಕ್ ಪ್ರಕರಣ

ನಮ್ಮ ಯಜಮಾನರಿಗೆ ಕಾಮಾಕ್ಷಿಪಾಳ್ಯದಲ್ಲಿ ನಾಲ್ಕು ಲೇತ್ ಯಂತ್ರಗಳ ಒಂದು ಶೆಡ್ ಇದೆ. ಇವರು ತಾರಸಿಯ ನೀರಿನ ಟ್ಯಾಂಕ್ ಬದಲಾಯಿಸುತ್ತೇನೆ ಎಂದು ಯುಗಾದಿಯಿಂದ ಹೇಳುತ್ತಿದ್ದವರು ಗಣೇಶನ ಹಬ್ಬ ಬಂದರೂ ಬದಲಾಯಿಸಲಿಲ್ಲ. ಅತ್ತೆ ಕೇಳಿದ್ದಕ್ಕೆ ಮಗ ನನ್ನ ಕಡೆಗೇ ಬೆರಳು ತೋರಿಸಿದರು.

"ಅಮ್ಮಾ, ನಿನ್ ಸೊಸೇನೇ ಪಾಠ ಮಾಡ್ತಾಳೆ ಕೇಳು. ಮನೆಯವರು ಮನೆಯವರಿಗೆ ಕೊಟ್ಟ ಮಾತು ಕಾನೂನು ಪ್ರಕಾರ ಕರಾರಲ್ಲ. ಯಾರೂ ಕೇಳಂಗಿಲ್ಲ."

ಅತ್ತೆ ನನ್ನ ಮುಖ ನೋಡಿದರು. ಹೌದೆಂದು ತಲೆಯಾಡಿಸದೆ ನನಗೆ ಗತಿಯಿರಲಿಲ್ಲ.

"ಸರಿ ಬಿಡಪ್ಪ," ಎಂದರು ಅತ್ತೆ. "ನಾನು ಬೆಳಿಗ್ಗೆ ಬೆಳಿಗ್ಗೆ ಎದ್ದು ನಿಂಗೆ ರೊಟ್ಟಿ ತಟ್ಟೋದೂ ಕರಾರಲ್ಲ."

ಎರಡು ದಿನ ಯಜಮಾನರು ಶೆಡ್ಡಿನ ಪಕ್ಕದ ದರ್ಶಿನಿಯಲ್ಲಿ ಇಡ್ಲಿ ತಿಂದರು. ಮೂರನೇ ದಿನ ಏಳು ಗಂಟೆಗೆಲ್ಲ ತಾರಸಿಯ ಮೇಲೆ ಪ್ಲಂಬರ್ ಇದ್ದ.

ಕಂಪನಿಗೆ ಕೈಯಿಲ್ಲ

ಅದೇ ಸುಮಾರಿಗೆ ಆಡಿಟರ್ ಮಾತು ಕೇಳಿ ಯಜಮಾನರು ಶೆಡ್ಡನ್ನು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡರು. ಕಂಪನಿ ಎಂದರೆ ಕಾನೂನಿನ ಕಣ್ಣಿಗೆ ಬೇರೆಯೇ ಒಬ್ಬ ವ್ಯಕ್ತಿ, ಅದರ ಹೊಣೆ ಅದಕ್ಕೆ, ಮಾಲೀಕರ ಹೊಣೆ ಮಾಲೀಕರಿಗೆ ಎಂದು ನಾನೇ ಊಟಕ್ಕೆ ಕೂತಾಗ ವಿವರಿಸಿದ್ದೆ. ಆ ಮಾತು ಅವರ ತಲೆಗೇರಿಬಿಟ್ಟಿತು. ಏನು ಎಡವಟ್ಟಾದರೂ "ನಾನಲ್ಲ, ಕಂಪನಿ" ಎನ್ನತೊಡಗಿದರು.

ಆಯುಧಪೂಜೆ ಬಂತು. ರೇಷ್ಮೆ ಪಂಚೆ ಉಟ್ಟು, ಶೆಡ್ಡಿಗೆ ನೀವಾಳಿಸಿದ ಬೂದುಗುಂಬಳಕಾಯಿಯನ್ನು ನಡುರಸ್ತೆಯಲ್ಲಿ ತಾವೇ ಎತ್ತಿ ಕುಕ್ಕಿದರು. ಎರಡು ನಿಮಿಷವೂ ಆಗಿಲ್ಲ, ಬಾಳೆಕಂದು ಹೊತ್ತು ಬರುತ್ತಿದ್ದವರೊಬ್ಬರು ಅದರ ಮೇಲೆ ಕಾಲಿಟ್ಟು ಜಾರಿದರು. ಅವರು ಕೆಳಗೆ, ಬಾಳೆಕಂದು ಮೇಲೆ. ಪುಣ್ಯಕ್ಕೆ ಪೆಟ್ಟಾಗಲಿಲ್ಲ.

"ಏನ್ ಸಾರ್, ನಡುರೋಡಲ್ಲಿ ಒಡೆದು ಹಂಗೇ ಬಿಟ್ಟಿದೀರಲ್ಲ!"

"ನಾನಲ್ಲ ಸಾರ್, ಇದು ಕಂಪನಿ ಪೂಜೆ. ಕಂಪನಿ ಬೇರೆ, ನಾನು ಬೇರೆ."

"ಹಂಗಾದ್ರೆ ಬಂದು ನನ್ನ ಎತ್ತಕ್ಕೆ ಹೇಳಿ ಕಂಪನಿಗೆ!"

ನಾನು ಓಡಿಹೋಗಿ ಅವರನ್ನು ಎಬ್ಬಿಸಿ, ಯಜಮಾನರಿಗೆ ಅಲ್ಲೇ ಪಾಠ ಮಾಡಿದೆ. ಕಂಪನಿಗೆ ಸ್ವಂತ ಕೈಕಾಲಿಲ್ಲ, ಅದರ ಕೆಲಸ ಮಾಡುವವರು ತಪ್ಪು ಮಾಡಿದರೆ ಅದೂ ಹೊಣೆ ಹೊರಬೇಕು, ಆದರೆ ತನ್ನ ಕೈಯಾರೆ ಮಾಡಿದವನು ಬೋರ್ಡಿನ ಹಿಂದೆ ಬಚ್ಚಿಟ್ಟುಕೊಳ್ಳುವ ಹಾಗಿಲ್ಲ ಎಂದೆ. ಅತ್ತೆ ಗಮನವಿಟ್ಟು ಕೇಳಿಸಿಕೊಂಡು ಶೆಡ್ಡಿನೊಳಗೆ ಹೋಗಿ ಪೊರಕೆ ತಂದರು.

"ಕಂಪನಿಗೆ ಕೈಯಿಲ್ವಂತೆ. ನಿಂಗಿದೆಯಲ್ಲ, ಗುಡಿಸು."

ರೇಷ್ಮೆ ಪಂಚೆ ಎತ್ತಿಕಟ್ಟಿ ಮ್ಯಾನೇಜಿಂಗ್ ಡೈರೆಕ್ಟರು ರಸ್ತೆ ಗುಡಿಸಿದರು. ಕೆಲಸದವರು ಮೊಬೈಲಿನಲ್ಲಿ ತೆಗೆದ ಆ ಫೋಟೋ ಈಗಲೂ ಅವರ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ.

ವೀಳ್ಯ ತಗೊಂಡ ಕೈ

ಇನ್ನು ನಮ್ಮ ನಾದಿನಿಯ ಮಗಳ ಮದುವೆ. ಇಲ್ಲಿ ಅತ್ತೆಯ ಒಂದು ಹಳೇ ನೋವು ಹೇಳಬೇಕು. ಮಗಳ ಮದುವೆಯಲ್ಲಿ ಅಡುಗೆ ಕೆಟ್ಟು, ಬೀಗರು ಅರ್ಧ ಊಟಕ್ಕೆ ಎದ್ದಿದ್ದರು. ಅದನ್ನು ಅವರು ಇಂದಿಗೂ ಮರೆತಿಲ್ಲ. ಮೊಮ್ಮಗಳ ಮದುವೆಯಲ್ಲಿ ಊಟದ ಬಗ್ಗೆ ಯಾರೂ ಒಂದು ಮಾತು ಆಡಬಾರದು, ಅಷ್ಟೇ ಅವರಿಗೆ ಬೇಕಿದ್ದದ್ದು. ಅದಕ್ಕೇ ನಾಲ್ಕು ತಿಂಗಳು ಮೊದಲೇ ಶ್ರೀಗಂಧದ ಕಾವಲಿನ ಹೆಸರುವಾಸಿ ಅಡುಗೆ ಭಟ್ಟರ ಮನೆಗೆ ನನ್ನನ್ನೂ ಕರೆದುಕೊಂಡು ಹೋಗಿ, ಎಲೆ ಅಡಿಕೆ, ಮೇಲೆ ನೂರೊಂದು ರೂಪಾಯಿ ಇಟ್ಟು ವೀಳ್ಯ ಕೊಟ್ಟು ಬಂದಿದ್ದರು. ನಮ್ಮ ಕಡೆ ವೀಳ್ಯ ಕೊಟ್ಟರೆ ಮುಗೀತು, ಚೀಟಿ ಚಪಾಟಿ ಏನೂ ಇಲ್ಲ.

ಮದುವೆಗೆ ಎಂಟು ದಿನ ಇರುವಾಗ ಭಟ್ಟರು ಮನೆಗೆ ಬಂದರು. ಜೊತೆಗೆ ಮಿನುಗುವ ವಿಸಿಟಿಂಗ್ ಕಾರ್ಡು.

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ಹೋದ ತಿಂಗಳು ಕೇಟರಿಂಗ್ ಕಂಪನಿ ಮಾಡ್ಕೊಂಡೆ. ನಿಮ್ಮ ಮದುವೆ ದಿನಾನೇ ಕಂಪನಿ ಒಂದು ದೊಡ್ಡ ಮದುವೆ ಒಪ್ಕೊಂಡಿದೆ. ನೀವು ವೀಳ್ಯ ಕೊಟ್ಟಿದ್ದು ನನಗೆ. ಕಂಪನಿ ಬೇರೆ, ನಾನು ಬೇರೆ. ಕಾನೂನೇ ಹಂಗಿದೆ" ಎಂದು ನೂರೊಂದು ರೂಪಾಯಿ ತೆಗೆದು ಟೀಪಾಯಿ ಮೇಲಿಟ್ಟರು.

ನಾನು ಎದ್ದು ನಿಂತೆ. "ಬಾಯಿಮಾತಿನ ಕರಾರೂ ಕರಾರೇ. ನಾನೇ ಸಾಕ್ಷಿ ಇದೀನಿ. ನೋಟಿಸ್ ಕೊಡೋಣ ಅತ್ತೆ" ಎಂದೆ.

"ನೋಟಿಸ್ ಬಡಿಸಿದ್ರೆ ಬೀಗರ ಹೊಟ್ಟೆ ತುಂಬುತ್ತೇನಮ್ಮ?" ಎಂದರು ಅತ್ತೆ. ಹದಿನೆಂಟು ವರ್ಷಕ್ಕೆ ಒಂದು ಅವಕಾಶ ಬಂದಿತ್ತು, ಅದರಲ್ಲೂ ನನ್ನದು ಬದನೆಕಾಯಿಯೇ ಆಯಿತು.

ಅತ್ತೆ ಮೊರ ಪಕ್ಕಕ್ಕಿಟ್ಟು ಭಟ್ಟರ ಕಡೆ ತಿರುಗಿದರು.

"ಕಂಪನಿ ಬೇರೆ, ನೀನು ಬೇರೆ. ಖಂಡಿತಾನಾ?"

"ಖಂಡಿತಾ ಅಮ್ಮಾ. ಬೇಕಾದ್ರೆ ಮೇಡಮ್ಮನ್ನೇ ಕೇಳಿ."

"ಹೌದೇನಮ್ಮ?"

"ಹೌದು ಅತ್ತೆ," ಎಂದೆ, ಸತ್ತ ದನಿಯಲ್ಲಿ.

"ನಾನು ವೀಳ್ಯ ಕೊಟ್ಟಾಗ ಈ ಕಂಪನಿ ಹುಟ್ಟಿತ್ತಾ?"

"ಎಲ್ಲಿ ಹುಟ್ಟಿತ್ತಮ್ಮಾ? ಹೋದ ತಿಂಗಳು ತಾನೆ."

"ಹಂಗಾದ್ರೆ ಆವತ್ತು ಎಲೆ ತಗೊಂಡಿದ್ದು ನಿನ್ನ ಕೈ. ಆ ದೊಡ್ಡ ಮದುವೆ ಒಪ್ಕೊಂಡಿದ್ದು ಕಂಪನಿ. ಸರಿಯಾಯ್ತಲ್ಲಪ್ಪ! ಕಂಪನಿ ಅಲ್ಲಿಗೆ ಹೋಗ್ಲಿ. ನೀನು ಇಲ್ಲಿಗೆ ಬಾ."

ಭಟ್ಟರು ಕೂತಲ್ಲಿಂದ ಎದ್ದುಬಿಟ್ಟರು. "ಅಮ್ಮಾ, ನಾನಿಲ್ದೆ ಕಂಪನಿ ಹೆಂಗಮ್ಮಾ ಅಡುಗೆ ಮಾಡುತ್ತೆ?"

"ಅದು ಕಂಪನಿ ತಲೆನೋವು. ನಿಂಗ್ಯಾಕೆ? ನೀನು ಬೇರೆ ಅಲ್ವಾ!"

ನೂರೊಂದು ರೂಪಾಯಿ ಮತ್ತೆ ಭಟ್ಟರ ಜೇಬು ಸೇರಿತು. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಎಷ್ಟೋ ರ‍್ಯಾಂಕ್ ಮಕ್ಕಳನ್ನು ಕಂಡಿದ್ದೇನೆ. ಹೀಗೆ ಪಾಠವನ್ನು ತಿರುಗಿಸಿ ಹೊಡೆದವರು ಒಬ್ಬರೂ ಇಲ್ಲ.

ಭಟ್ಟರು ಬಂದರು. ದೊಡ್ಡ ಮದುವೆಗೆ ಬಾಮೈದನ ಕೈಗೆ ಸೌಟು ಕೊಟ್ಟು ಕಳಿಸಿ, ಇಲ್ಲಿ ತಾವೇ ಒಲೆ ಮುಂದೆ ನಿಂತರು. ಬೀಗರು ತಿಳಿಸಾರನ್ನು ಮೂರು ಸಲ ಹಾಕಿಸಿಕೊಂಡರು. ಅತ್ತೆ ಪಂಕ್ತಿ ಪಂಕ್ತಿಯಲ್ಲೂ ಓಡಾಡಿ, ಯಾರ ಎಲೆಯಲ್ಲಿ ಏನು ಉಳಿದಿದೆ ಎಂದು ನೋಡಿದರು. ಏನೂ ಉಳಿದಿರಲಿಲ್ಲ.

ಕೊನೇ ಪಂಕ್ತಿ ಮುಗಿದ ಮೇಲೆ ಭಟ್ಟರು ಬೆವರು ಒರೆಸುತ್ತಾ ಬಂದು ಕೈಮುಗಿದರು.

"ಅಮ್ಮಾ, ನಮ್ಮ ಆಡಿಟರ್‌ಗೂ ಉತ್ತರ ಹೊಳೀಲಿಲ್ಲ. ನೀವು ಯಾವ ಕಾಲೇಜಲ್ಲಿ ಕಾನೂನು ಓದಿದ್ದು?"

ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟರು. "ಈವಮ್ಮನ ಕಾಲೇಜು. ಹದಿನೆಂಟು ವರ್ಷ ಓದಿದೀನಿ."

"ಸೊಸೆ ತಾನೆ, ಫೀಸಿಲ್ದೆ ಪುಕ್ಕಟೆ ಹೇಳ್ಕೊಟ್ಟಿರ್ತಾರೆ ಬಿಡಿ."

"ಪುಕ್ಕಟೆನಾ?" ಅತ್ತೆಗೆ ಸಿಟ್ಟೇ ಬಂತು. "ವಾರವಾರ ಕಾಫಿ ಕೊಟ್ಟಿದೀನಿ. ಪ್ರತಿಫಲ ಇಲ್ದೆ ಕರಾರಿಲ್ಲ ಕಣಪ್ಪಾ, ಅದು ಮೊದಲನೇ ಪಾಠ!"